ಸಂಕಲ್ಪದ ಜಂಬೂದ್ವೀಪದಿಂದ ಸಂವಿಧಾನದ ಇಂಡಿಯಾವರೆಗೆ: ನಮ್ಮ ದೇಶದ ಹಳೆಯ ಹೆಸರುಗಳು ಎಲ್ಲಿಂದ ಬಂದವು?

ಶರಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಸಾಗರದ ಹತ್ತಿರ ನಮ್ಮಣ್ಣನ ಹೊಸ ಮನೆಯ ಗೃಹಪ್ರವೇಶ ಇತ್ತು. ಭಟ್ಟರು ಸಂಕಲ್ಪ ಹೇಳಿಸುತ್ತಿದ್ದರು: "ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ..." ಪಕ್ಕದಲ್ಲಿ ಕೂತಿದ್ದ ಮಗಳು (ಏಳನೇ ಕ್ಲಾಸು) ಮೆಲ್ಲಗೆ ಕೇಳಿದಳು: "ಅಮ್ಮಾ, ನಮ್ಮ ದೇಶ ಇಂಡಿಯಾ ಅಲ್ವಾ? ಭಟ್ರು ಯಾವ ದೇಶ ಹೇಳ್ತಿದಾರೆ?"

ನೂರಾರು ಸಲ ಕೇಳಿದ ಮಾತು. ಉತ್ತರ ಮಾತ್ರ ನನಗೆ ಬರಲಿಲ್ಲ.

ಮನೆಗೆ ಬಂದು ಹುಡುಕಿದರೆ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದ್ದ ಮೂರು ಫಾರ್ವರ್ಡ್ ಸಿಕ್ಕವು. ಒಂದು: ಇಂಡಿಯಾ ಅಂದರೆ "ಇಂಡಿಪೆಂಡೆಂಟ್ ನೇಷನ್ ಡಿಕ್ಲೇರ್ಡ್ ಇನ್ ಆಗಸ್ಟ್". ಎರಡು: ಪಾರಸಿಗಳಿಗೆ (ಹಳೆಯ ಇರಾನಿನವರಿಗೆ) 'ಸ' ಹೇಳಲು ಬಾರದೆ ಸಿಂಧು ಹೋಗಿ ಹಿಂದು ಆಯಿತು. ಮೂರು: ಹಿಂದು ಅಂದರೆ ಕಳ್ಳ ಎಂದು ಅರ್ಥ, ನಮ್ಮನ್ನು ಹೀಯಾಳಿಸಲು ಇಟ್ಟ ಹೆಸರು. ಮಗಳಿಗೆ ಸುಳ್ಳು ಹೇಳಿಕೊಡಲು ನನಗೆ ಮನಸ್ಸಿಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಕಲ್ಲುಬರಹ

ಜಂಬೂದ್ವೀಪದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ಕಣ್ಣಾರೆ ನೋಡಲು ನೀವು ದೂರ ಹೋಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಕ್ರಿ.ಪೂ. 3ನೇ ಶತಮಾನದ್ದು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಊರಿನವರು ಆ ಬಂಡೆಯನ್ನು ಅಕ್ಷರಗುಂಡು ಎನ್ನುತ್ತಿದ್ದರು. ಅದರಲ್ಲಿ 'ಜಂಬುದೀಪಸಿ' ಎಂದು ಕಂಡರಿಸಿದೆ, ಅಂದರೆ 'ಜಂಬೂದ್ವೀಪದಲ್ಲಿ'. ತಾನು ಧರ್ಮಕ್ಕಾಗಿ ದುಡಿದದ್ದರಿಂದ ಜಂಬೂದ್ವೀಪದಲ್ಲಿ ಈವರೆಗೆ ದೇವರೊಡನೆ ಬೆರೆಯದಿದ್ದ ಜನ ಈಗ ಬೆರೆತರು ಎಂದು ಅಶೋಕ ಹೇಳಿಕೊಳ್ಳುತ್ತಾನೆ. ತಾನು ಆಳುವ ನೆಲಕ್ಕೆ ಅವನು ಬಳಸಿದ ಹೆಸರು ಇದು. ಆ ಶಾಸನದಲ್ಲಿ ಭಾರತವೂ ಇಲ್ಲ, ಹಿಂದುವೂ ಇಲ್ಲ.

ಜಂಬೂ ಎಂದರೆ ನೇರಳೆ. ಮೇರುಪರ್ವತದ ಹತ್ತಿರ ಒಂದು ಮಹಾ ನೇರಳೆ ಮರವಿದೆ, ಅದರಿಂದಲೇ ದ್ವೀಪಕ್ಕೆ ಆ ಹೆಸರು ಎಂದು ಪುರಾಣಗಳ ಮಾತು. ಬೌದ್ಧರು, ಜೈನರು, ವೈದಿಕರು ಮೂವರೂ ಇದನ್ನು ಬಳಸಿದರು.

ಇನ್ನೊಂದು ವಿಷಯ, ನನಗೆ ತುಂಬಾ ಪ್ರಿಯವಾದದ್ದು. ಆ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ, 'ಲಿಪಿಕಾರನಿಂದ' ಎಂಬ ಒಂದು ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಸಿಂಧೂ ನದಿಯ ಮೇಲ್ಭಾಗದ್ದು. ಅಲ್ಲಿ ಬರವಣಿಗೆ ಕಲಿತ ಕೈ ಇಲ್ಲಿ ನಮ್ಮ ಬಯಲುಸೀಮೆಯ ಕಲ್ಲಿನ ಮೇಲೆ ಜಂಬೂದ್ವೀಪ ಎಂದು ಬರೆದು ಹೋಗಿದೆ. ಆ ಬಂಡೆಯ ಮುಂದೆ ನಿಂತಾಗ ನನಗೆ ಮೈ ಜುಮ್ಮೆಂದಿತ್ತು.

ಮಲಪ್ರಭಾ_ಮಂದಿ

ಅಕ್ಕಾರ, ನಿಮ್ಮ ಮಗಳ ಪ್ರಶ್ನಿ ಭಾಳ ಛಲೋ ಅದ. ಸಂಕಲ್ಪ ಅಂದ್ರ ವಿಳಾಸ ರೀ. ದೊಡ್ಡದರಿಂದ ಸಣ್ಣದಕ್ಕ ಬರೂದು: ದ್ವೀಪ, ವರ್ಷ, ಖಂಡ, ಆಮ್ಯಾಲ ಹೊಳಿ ದಂಡಿ, ಆಮ್ಯಾಲ ಊರು, ಕಡೀಕ ಮನಿ ಯಜಮಾನ. ಕರಾವಳಿ ಕಡೆ ಆದ್ರ 'ಪರಶುರಾಮಕ್ಷೇತ್ರೇ' ಅಂತಾರ. ಮ್ಯಾಲಿನ ಸಾಲು ಎಲ್ಲಾರಿಗೂ ಒಂದ, ಕೆಳಗಿಂದು ಬ್ಯಾರೆ ಬ್ಯಾರೆ.

ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನ ಓದಿದ್ರ ಇದ ನಮೂನಿ ಕಾಣ್ತದ. ಸುತ್ತ ಸಮುದ್ರ, ನಡುವ ಜಂಬೂದ್ವೀಪ, ಅದರ ನಡುವ ಮೇರು, ಮೇರುವಿನ ತೆಂಕಣಕ್ಕ ಭರತಕ್ಷೇತ್ರ, ಅದರಾಗ ಕುಂತಳ ದೇಶ, ಕುಂತಳದಾಗ ಒಂದು ನಾಡು, ನಾಡಿನಾಗ ಒಂದು ಊರು, ಊರಾಗ ಒಂದು ಗುಡಿ, ಆ ಗುಡಿಗೆ ಇಷ್ಟು ಮತ್ತರು ಭೂಮಿ ಬಿಟ್ಟಾರ ಅಂತ. ಹಳ್ಳಿ ಗುಡಿ ದೀಪದ ಎಣ್ಣಿಗೆ ದತ್ತಿ ಬಿಡೂಮುಂದ ಸಹಿತ ಮೇರುಪರ್ವತದಿಂದ ವಿಳಾಸ ಬರಸ್ತಿದ್ರು. ಕುಂತಳ ಅಂದ್ರ ನಮ್ಮ ನಾಡಿಗಿದ್ದ ಹೆಸರು. ಕುಂತಳದವರಾಗಿದ್ಕೊಂಡ ಭರತಕ್ಷೇತ್ರದವರಾಗೂದು ಅವರಿಗೆ ಕಷ್ಟ ಅನಿಸಿದ್ದಿಲ್ಲ.

ನುಡಿಗಂಟು

'ಸ' ಮತ್ತು 'ಹ' ವಿಚಾರ ನಾನು ಹೇಳುತ್ತೇನೆ, ಓದಿದ್ದು ಭಾಷಾವಿಜ್ಞಾನ.

ಪಾರಸಿಗಳಿಗೆ 'ಸ' ಬರುತ್ತಿರಲಿಲ್ಲ ಎಂಬುದು ತಪ್ಪು. 'ಪಾರ್ಸ' ಎಂಬ ಅವರ ಹೆಸರಿನಲ್ಲೇ ಸಕಾರವಿದೆ! ನಮ್ಮ 'ಶತ' ಅವರಲ್ಲಿ 'ಸದ್', ನಮ್ಮ 'ಅಸ್ತಿ' ಅವರಲ್ಲಿ 'ಅಸ್ತ್'. ನಡೆದದ್ದು ಬೇರೆ. ಪ್ರಾಚೀನ ಇರಾನಿ ಭಾಷೆಗಳಲ್ಲಿ ಸ್ವರದ ಹಿಂದಿದ್ದ ಹಳೆಯ ಸಕಾರ ಕ್ರಮವಾಗಿ ಹಕಾರವಾಯಿತು. ಸೋಮ ಹೋಗಿ ಹಓಮ, ಅಸುರ ಹೋಗಿ ಅಹುರ, ಸಪ್ತ ಹೋಗಿ ಹಪ್ತ. ವಾರಕ್ಕೆ ಈಗಲೂ ಪಾರಸಿಯಲ್ಲಿ ಹಫ್ತೆ. ಮುಂಬಯಿಯ 'ಹಫ್ತಾ ವಸೂಲಿ' ಅದೇ ಮಾತು, ಒಳಗೆ ಕೂತಿರುವುದು ನಮ್ಮ ಸಪ್ತ. ಋಗ್ವೇದದ 'ಸಪ್ತ ಸಿಂಧವಃ' ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲಿ 'ಹಪ್ತ ಹೆಂದು' ಆಗಿದೆ.

ಇದನ್ನು ಕನ್ನಡಿಗರಿಗೆ ಅರ್ಥ ಮಾಡಿಸುವುದು ಬಲು ಸುಲಭ. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲು ಆಯಿತು. ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪೋಗು ಹೋಗು ಆಯಿತು. ಹಾಗಂತ ಕನ್ನಡಿಗರಿಗೆ 'ಪ' ಹೇಳಲು ಬರುವುದಿಲ್ಲವೇ? ಅಪ್ಪ, ತಪ್ಪು, ಕಪ್ಪು ಎಲ್ಲ ಹಾಗೇ ಉಳಿದಿವೆ. ನಾಲಿಗೆಗೆ ಬಾರದೆ ಹೋದದ್ದಲ್ಲ, ಕೆಲವು ಜಾಗಗಳಲ್ಲಿ ಮಾತ್ರ ಸದ್ದು ಹೊರಳಿಕೊಂಡಿತು. ತಮಿಳರು ಇಂದಿಗೂ ಪಾಲ್, ಪುಲಿ ಎನ್ನುತ್ತಾರೆ, ನಾವು ಹಾಲು, ಹುಲಿ ಎನ್ನುತ್ತೇವೆ. ಸಿಂಧು, ಹಿಂದು ನಡುವಿನ ನಂಟೂ ಇಂಥದ್ದೇ ಅಕ್ಕತಂಗಿಯರ ನಂಟು.

ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಹೋಗು 'ಓಗು' ಆಗುತ್ತದೆ, ಹಾಲು 'ಆಲು' ಆಗುತ್ತದೆ. ಗ್ರೀಕರಲ್ಲಿ ಆದದ್ದು ಇದೇ. ಪಾರಸಿಗಳಿಂದ ಅವರು ಹೆಸರು ಕೇಳಿಸಿಕೊಂಡರು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದ ಅಯೋನಿಯನ್ ಉಪಭಾಷೆಯಲ್ಲಿ ಪದದ ಮೊದಲ ಹಕಾರ ಬಿದ್ದುಹೋಗಿತ್ತು. ಆದ್ದರಿಂದ ಹಿಂದು 'ಇಂಡೋಸ್' ಆಯಿತು, ನಾಡು 'ಇಂಡಿಕೆ', 'ಇಂಡಿಯಾ' ಆಯಿತು. ಪೋಗು, ಹೋಗು, ಓಗು. ಸಿಂಧು, ಹಿಂದು, ಇಂಡು. ಮಗಳಿಗೆ ಈ ಎರಡು ಸಾಲನ್ನು ಒಂದರ ಕೆಳಗೊಂದು ಬರೆದು ತೋರಿಸಿ ಅಕ್ಕ.

ಶರಾವತಿ_ದಂಡೆ

ಓದಿ ಖುಷಿಯಾಯಿತು! ನಮ್ಮ ಮನೆಗೆ ಕೆಲಸಕ್ಕೆ ಬರುವ ಮಂಡ್ಯ ಕಡೆಯ ಗೌರಮ್ಮ "ಆಲು ಉಕ್ತದೆ ಅಕ್ಕಾ" ಎನ್ನುವುದು ನೆನಪಾಯಿತು. ಹಾಗಾದರೆ ಇಂಡಿಯಾ ಬ್ರಿಟಿಷರು ಕೊಟ್ಟದ್ದಲ್ಲ. ಮತ್ತೆ ಆ ಕಳ್ಳ ಎಂಬ ಅರ್ಥ?

ತಾಳೆಗರಿ

ಪಾರಸಿಗಳ ಕಡೆಯ ದಾಖಲೆ ನೋಡಿ. ಪಾರಸಿ ದೊರೆ ಡೇರಿಯಸ್ (ಆಳಿದ್ದು ಕ್ರಿ.ಪೂ. 522ರಿಂದ 486) ಬೆಹಿಸ್ತೂನ್ ಬಂಡೆಯ ಮೇಲೆ ಬರೆಸಿದ ಶಾಸನದಲ್ಲೇ 'ಹಿದುಶ್' ಎಂದು ತನ್ನ ಪ್ರಾಂತಗಳ ಪಟ್ಟಿಯಲ್ಲಿ ಹೇಳಿದ್ದಾನೆ. ಬೈಗುಳವನ್ನು ಯಾವ ರಾಜನೂ ತನ್ನ ಪ್ರಾಂತದ ಹೆಸರಾಗಿ ಇಡುವುದಿಲ್ಲ.

ಕಲ್ಲುಬರಹ

ತಾಳೆಗರಿ ಅವರೇ, ಒಂದು ತಿದ್ದುಪಡಿ. ಬೆಹಿಸ್ತೂನ್ ಪಟ್ಟಿಯಲ್ಲಿ ಗಾಂಧಾರವಿದೆ, ಹಿದುಶ್ ಇಲ್ಲ. ಆ ಹೆಸರು ಬರುವುದು ಆಮೇಲಿನ ಶಾಸನಗಳಲ್ಲಿ: ಪರ್ಸೆಪೊಲಿಸ್, ನಕ್ಷ್-ಎ-ರುಸ್ತಮ್, ಸೂಸಾ. ಸಿಂಧೂ ಕಣಿವೆ ನಡುವೆ ಅವನ ಕೈಗೆ ಬಂತು ಎಂದು ಇದರಿಂದಲೇ ಊಹಿಸುತ್ತಾರೆ. ಪರ್ಸೆಪೊಲಿಸ್ಸಿನ ಅರಮನೆಯ ಅಡಿಪಾಯದಲ್ಲಿ 1933ರಲ್ಲಿ ಚಿನ್ನದ, ಬೆಳ್ಳಿಯ ತಗಡುಗಳು ಸಿಕ್ಕವು. 'ಹಿದುಶ್‌ನಿಂದ ಸ್ಪರ್ದದವರೆಗೆ' (ಇಂದಿನ ಟರ್ಕಿಯ ಸಾರ್ಡಿಸ್) ತನ್ನ ರಾಜ್ಯ ಎಂದು ಅವುಗಳಲ್ಲಿದೆ. ಬರೆಯುವಾಗ ಅನುಸ್ವಾರ ಬಿಟ್ಟರೂ ಉಚ್ಚಾರ ಹಿಂದುಶ್ ಎಂದೇ. ಸೂಸಾದ ಅರಮನೆಗೆ ದಂತ ಎಲ್ಲೆಲ್ಲಿಂದ ಬಂತು ಎಂದು ಹೇಳುವಾಗಲೂ ಈ ಹೆಸರಿದೆ.

ನೀವು ಹೇಳಿದ ಮುಖ್ಯ ಮಾತು ಸರಿ. ಅದು ನದಿಯ ಹೆಸರು, ನಾಡಿನ ಹೆಸರು. ಸುಮಾರು 2,500 ವರ್ಷದ ಹಿಂದೆ ಅದಕ್ಕೆ ಧರ್ಮದ ಅರ್ಥವೂ ಇರಲಿಲ್ಲ, ನಿಂದೆಯ ಅರ್ಥವೂ ಇರಲಿಲ್ಲ.

ನುಡಿಗಂಟು

ನಿಂದೆಯ ಕತೆ ಹುಟ್ಟಿದ್ದು ಎಲ್ಲಿ ಎಂದರೆ, ಸಾವಿರಕ್ಕೂ ಹೆಚ್ಚು ವರ್ಷಗಳ ನಂತರದ ಪಾರಸಿ ಕಾವ್ಯದಲ್ಲಿ 'ಹಿಂದೂ' ಶಬ್ದಕ್ಕೆ ಕಪ್ಪು, ಸೇವಕ, ಕಳ್ಳ ಎಂಬ ಅರ್ಥಗಳು ಅಂಟಿಕೊಂಡವು. ಆದರೆ ಅದೇ ಕಾವ್ಯದಲ್ಲಿ 14ನೇ ಶತಮಾನದ ಹಾಫೀಜ್ ತನ್ನ ಪ್ರಿಯೆಯ ಕೆನ್ನೆಯ 'ಹಿಂದೂ ಮಚ್ಚೆ'ಗಾಗಿ ಸಮರ್ಖಂಡ, ಬುಖಾರಾ ಎರಡನ್ನೂ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ನಾಡಿನ ಹೆಸರಿನಿಂದ ಹುಟ್ಟಿದ ಉಪಾರ್ಥಗಳಿವು. ಅವುಗಳನ್ನೇ ಮೂಲವೆಂದು ಹೇಳಿದರೆ ಕಾಲ ತಿರುಗಾಮುರುಗಾ ಆಗುತ್ತದೆ.

ಆಗಸ್ಟಿನ ಕತೆಯಂತೂ ಒಂದು ಕ್ಷಣವೂ ನಿಲ್ಲದು. ಈಸ್ಟ್ ಇಂಡಿಯಾ ಕಂಪನಿ ಶುರುವಾದದ್ದೇ 1600ರಲ್ಲಿ. ಮೌರ್ಯ ಚಂದ್ರಗುಪ್ತನ ಕಾಲದಲ್ಲಿ ಪಾಟಲಿಪುತ್ರಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಬರೆದ ಪುಸ್ತಕದ ಹೆಸರು 'ಇಂಡಿಕಾ'.

ಮಸ್ಕತ್_ಕುಂದಾಪುರ

ನಾನು ಹನ್ನೆರಡು ವರ್ಷದಿಂದ ಮಸ್ಕತ್ತಿನಲ್ಲಿದ್ದೇನೆ. ಇಲ್ಲಿ ನಮ್ಮ ದೇಶ 'ಅಲ್-ಹಿಂದ್'. ಅಂಗಡಿಯಲ್ಲಿ ಹುಣಸೆಹಣ್ಣಿಗೆ 'ತಮ್ರ್ ಹಿಂದೀ', ಅಂದರೆ ಹಿಂದ್‌ನ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಇದರಿಂದಲೇ. ಹಳೆಯ ಅರಬ್ಬೀ ಕಾವ್ಯದಲ್ಲಿ ಒಳ್ಳೆಯ ಕತ್ತಿಗೆ 'ಮುಹನ್ನದ್' ಎನ್ನುತ್ತಾರೆ, ಹಿಂದ್‌ನ ಉಕ್ಕಿನದು ಎಂದು. ಆ ಉಕ್ಕಿಗೆ ಯುರೋಪಿನವರು ಇಟ್ಟ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಪದದಿಂದ ಬಂದದ್ದು ಎಂದು ಹೇಳುವವರು ಬಹಳ. ಹೊರಗಿನವರು ಇಟ್ಟ ಹೆಸರು ಎಂದರೆ ಅವಮಾನ ಎಂದೇ ಯಾಕೆ ತಿಳಿಯಬೇಕು? ಇಲ್ಲಿ ಅದು ಗೌರವದ ಮಾತಾಗಿಯೇ ನನ್ನ ಕಿವಿಗೆ ಬಿದ್ದಿದೆ.

ಹಸ್ತಿನಾವತಿ

ಇಷ್ಟೆಲ್ಲ ಚರ್ಚೆಯಲ್ಲಿ ನಿಜವಾದ ಹೆಸರನ್ನೇ ಎಲ್ಲರೂ ಬಿಟ್ಟಿದ್ದೀರಿ. ಭಾರತ! ದುಷ್ಯಂತ ಶಕುಂತಲೆಯರ ಮಗ ಭರತ ಆಳಿದ ನಾಡು ಭಾರತ. ಸಿಂಹದ ಹಲ್ಲು ಎಣಿಸಿದ ಹುಡುಗ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಇದರಲ್ಲಿ ಚರ್ಚೆಗೆ ಏನಿದೆ?

ಬೆಳ್ಗೊಳದ_ಮಗಳು

ಇದೆ ಸರ್. ನಾನು ಬೆಳೆದ ಮನೆಯಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರ. ಆದಿನಾಥ ಋಷಭದೇವನ ಹಿರಿಯ ಮಗ ಭರತ ಚಕ್ರವರ್ತಿ, ಅವನಿಂದಲೇ ಭಾರತ. ಅವನ ತಮ್ಮ ಬಾಹುಬಲಿಯೇ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿದ್ದಾನೆ. ಪಂಪ ಕ್ರಿ.ಶ. 941ರಲ್ಲಿ ಬರೆದ ಆದಿಪುರಾಣದಲ್ಲಿ ಈ ಅಣ್ಣತಮ್ಮಂದಿರ ಕತೆಯನ್ನೇ ಹೇಳಿದ. ಇದು ಜೈನರ ನಂಬಿಕೆ ಮಾತ್ರ ಎಂದುಕೊಳ್ಳಬೇಡಿ. ಭಾಗವತ ಪುರಾಣವೂ ಋಷಭನ ಮಗ ಭರತನನ್ನೇ ಹೇಳುತ್ತದೆ. ಈ ನಾಡಿಗೆ ಮೊದಲು ಅಜನಾಭವರ್ಷ ಎಂಬ ಹೆಸರಿತ್ತು, ಭರತನಿಂದ ಆಚೆಗೆ ಭಾರತ ಎನ್ನುತ್ತಾರೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಶಾಲೆಯ ಪುಸ್ತಕದಲ್ಲಿ ಒಂದೇ ಕತೆ ಓದಿ ಬಂದಾಗ ನನಗೆ ಚಿಕ್ಕಂದಿನಲ್ಲಿ ಬೇಸರವಾಗುತ್ತಿತ್ತು. ನಮ್ಮಜ್ಜಿ ಹೇಳಿದ ಕತೆಗೆ ಅಲ್ಲಿ ಜಾಗವೇ ಇರಲಿಲ್ಲ.

ಹಸ್ತಿನಾವತಿ

ತಂಗಿ, ನಿಮ್ಮ ಅಜ್ಜಿಯ ಕತೆಗೆ ನಾನು ಅಗೌರವ ತೋರಲಿಲ್ಲ. ಆದರೆ ಮಹಾಭಾರತ ಪುರಾಣಗಳಿಗಿಂತ ಹಳೆಯದು. "ಭರಸ್ವ ಪುತ್ರಂ ದುಷ್ಯಂತ", ಮಗನನ್ನು ಸಲಹು ಎಂದು ಆಕಾಶವಾಣಿಯಾಗಿ ಅದರಿಂದಲೇ ಭರತ ಎಂದು ಹೆಸರಾಯಿತು. ಐತರೇಯ ಬ್ರಾಹ್ಮಣದಲ್ಲೂ ದೌಃಷಂತಿ ಭರತನ ಪ್ರಸ್ತಾಪವಿದೆ.

ತಾಳೆಗರಿ

ಇಬ್ಬರ ಆಧಾರಗಳೂ ಇವೆ. ಆದರೆ ಇಬ್ಬರಿಗಿಂತ ಹಿಂದೆ ಒಂದು ಕುಲವಿದೆ. ಋಗ್ವೇದದಲ್ಲಿ 'ಭರತರು' ಒಂದು ಜನ. ಏಳನೇ ಮಂಡಲದಲ್ಲಿ ಅವರ ದೊರೆ ಸುದಾಸ ಪರುಷ್ಣೀ ತೀರದಲ್ಲಿ, ಅಂದರೆ ಇಂದಿನ ರಾವಿ ನದಿಯ ದಡದಲ್ಲಿ, ಹತ್ತು ರಾಜರನ್ನು ಎದುರಿಸಿ ಗೆದ್ದ. ಮೂರನೇ ಮಂಡಲದಲ್ಲಿ "ವಿಶ್ವಾಮಿತ್ರಸ್ಯ ರಕ್ಷತಿ ಬ್ರಹ್ಮೇದಂ ಭಾರತಂ ಜನಮ್" ಎಂದಿದೆ. ವಿಶ್ವಾಮಿತ್ರನ ಈ ಮಂತ್ರ ಭಾರತ ಜನವನ್ನು ಕಾಯುತ್ತದೆ ಎಂದು. 'ಭಾರತ' ಎಂಬ ಮಾತು ಇಲ್ಲಿ ನೆಲಕ್ಕಲ್ಲ, ಜನಕ್ಕೆ. ಕುಲದ ಹೆಸರು ಮೊದಲು, ಆ ಕುಲಕ್ಕೊಬ್ಬ ಮೂಲಪುರುಷನ ಕತೆ ಆಮೇಲೆ, ನಾಡಿಗೆ ಹೆಸರು ಅದಕ್ಕೂ ಆಮೇಲೆ. ನನಗೆ ಈ ಕ್ರಮವೇ ಸರಿ ಅನ್ನಿಸುತ್ತದೆ. ದುಷ್ಯಂತನ ಮಗನೋ ಋಷಭನ ಮಗನೋ ಎಂಬುದು ಎರಡು ಪರಂಪರೆಗಳು ಅದೇ ಹೆಸರನ್ನು ತಮ್ಮದಾಗಿಸಿಕೊಂಡ ಬಗೆ.

ಕಲ್ಲುಬರಹ

ಕಲ್ಲಿನ ಮೇಲೆ ನಾಡಿನ ಹೆಸರಾಗಿ ಅದು ಮೊದಲು ಕಾಣುವುದು ಒಡಿಶಾದಲ್ಲಿ. ಭುವನೇಶ್ವರದ ಪಕ್ಕದ ಉದಯಗಿರಿಯ ಹಾಥಿಗುಂಫಾ ಶಾಸನ, ಕಲಿಂಗದ ದೊರೆ ಖಾರವೇಲನದು. ಕ್ರಿ.ಪೂ. 1ನೇ ಶತಮಾನದ್ದು ಎಂದು ಬಹಳ ವಿದ್ವಾಂಸರ ಮತ. "ಭರಧವಸ" ಎಂದು ಪ್ರಾಕೃತದಲ್ಲಿದೆ. ಬೆಳ್ಗೊಳದ ತಂಗಿಗೆ ಇದು ಇಷ್ಟವಾಗಬಹುದು: ಖಾರವೇಲ ಜೈನ, ಶಾಸನ ಶುರುವಾಗುವುದೇ ಅರಹಂತರಿಗೆ ನಮಸ್ಕಾರದಿಂದ.

ಆದರೆ ಗಮನಿಸಿ, ಖಾರವೇಲ ಭಾರತವರ್ಷದ ಮೇಲೆ *ದಂಡೆತ್ತಿ ಹೋದ* ಎಂದು ಅಲ್ಲಿರುವುದು. ಅಂದರೆ ಆ ಹೊತ್ತಿಗೆ ಕಲಿಂಗ ಅದರೊಳಗಿರಲಿಲ್ಲ, ಉತ್ತರದ ಬಯಲಿಗಷ್ಟೇ ಆ ಹೆಸರು. ಮುಂದೆ ವಿಷ್ಣುಪುರಾಣ ಬರೆಯುವ ಹೊತ್ತಿಗೆ "ಉತ್ತರಂ ಯತ್ಸಮುದ್ರಸ್ಯ ಹಿಮಾದ್ರೇಶ್ಚೈವ ದಕ್ಷಿಣಂ, ವರ್ಷಂ ತದ್ಭಾರತಂ ನಾಮ" ಎಂದು ಹಿಮಾಲಯದಿಂದ ಕಡಲತನಕ ಹರಡಿಕೊಂಡಿತು. ರಾವಿ ದಡದ ಒಂದು ಕುಲದ ಹೆಸರು ಕನ್ಯಾಕುಮಾರಿಯವರೆಗೆ ನಡೆದುಬಂತು. ಇಂಡಿಯಾದ ಕತೆಯೂ ಇಂಥದ್ದೇ. ಒಂದು ನದಿಯ ಹೆಸರು ಇಡೀ ನಾಡಿಗೆ ಹಬ್ಬಿತು. ಎರಡೂ ವಾಯವ್ಯದ ಒಂದೇ ಮೂಲೆಯಿಂದ ಹೊರಟವು ನೋಡಿ. ರಾವಿಯ ನೀರು ಕೊನೆಗೆ ಸೇರುವುದು ಸಿಂಧುವನ್ನೇ.

ಮಲಪ್ರಭಾ_ಮಂದಿ

ಅದಕ್ಕ ನಾ ಆರ್ಯಾವರ್ತ ಅನ್ನೂ ಹೆಸರು ದೇಶಕ್ಕ ಹಚ್ಚೂದಿಲ್ಲ ರೀ. ಮನುಸ್ಮೃತಿ ಪ್ರಕಾರ ಅದು ಹಿಮಾಲಯ ಮತ್ತ ವಿಂಧ್ಯದ ನಡುವಿಂದು. ನಾವು ವಿಂಧ್ಯದ ಕೆಳಗಿನವರು. ನಮ್ಮ ಕಡೆ ಅಂದ್ರ ದಕ್ಷಿಣಾಪಥ. ಕ್ರಿ.ಶ. 1ನೇ ಶತಮಾನದ ಒಬ್ಬ ಗ್ರೀಕ್ ವ್ಯಾಪಾರಿ ಕೆಂಪು ಸಮುದ್ರದ ಹಡಗುದಾರಿ ಬಗ್ಗೆ ಬರದದ್ದರಾಗ 'ದಖಿನಬದೇಸ್' ಅಂತ ಬಂದದ. ಇಲ್ಲಿಯವರ ಮಾತಿನಾಗ ದಕ್ಷಿಣಕ್ಕ 'ದಖನೋಸ್' ಅಂತಾರ ಅಂತ ವಿವರಣಿ ಸಹಿತ ಕೊಟ್ಟಾನ. ದಖನ್ ಅನ್ನೂದು ಅಷ್ಟು ಹಳೇದು.

ಕಾಫಿಸೀಮೆ_ಹುಡುಗ

ಮೆಲುಹ್ಹ ಎಂಬ ಹೆಸರೇ ಎಲ್ಲಕ್ಕಿಂತ ಹಳೆಯದು ಅಂತಾರಲ್ಲ, ನಿಜವಾ?

ತಾಳೆಗರಿ

ಬರಹದಲ್ಲಿ ಸಿಗುವ ಹೆಸರುಗಳ ಪೈಕಿ ಅದು ಬಲು ಹಳೆಯದು ನಿಜ. ಅಕ್ಕಾಡಿನ (ಇಂದಿನ ಇರಾಕ್ ಕಡೆಯ) ದೊರೆ ಸರ್ಗೋನ್, ಕ್ರಿಸ್ತಪೂರ್ವ ಎರಡು ಸಾವಿರದ ಮುನ್ನೂರರ ಆಸುಪಾಸಿನವನು, ಮೆಲುಹ್ಹ, ಮಗನ್, ದಿಲ್ಮುನ್ ಹಡಗುಗಳು ತನ್ನ ಬಂದರಿನಲ್ಲಿ ಲಂಗರು ಹಾಕುತ್ತವೆ ಎಂದು ಹೇಳಿಕೊಂಡಿದ್ದಾನೆ. ಮೆಲುಹ್ಹ ಎಂದರೆ ಸಿಂಧೂ ನಾಗರಿಕತೆಯ ನೆಲ ಎಂಬುದು ಹೆಚ್ಚಿನವರ ಒಪ್ಪಿಗೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಒಂದು ಉರುಳೆ ಮುದ್ರೆ ಇದೆ, ಶು-ಇಲಿಶು ಎಂಬವನದು. 'ಮೆಲುಹ್ಹ ಭಾಷೆಯ ದುಭಾಷಿ' ಎಂದು ಅವನ ವೃತ್ತಿ ಬರೆದಿದೆ. ಆ ಮನುಷ್ಯನಿಗೆ ಯಾವ ಮಾತು ಬರುತ್ತಿತ್ತೋ ಎಂದು ಯೋಚಿಸಿ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ. ದ್ರಾವಿಡದ 'ಮೇಲ್' ಮತ್ತು 'ಅಗಂ' ಸೇರಿ ಆ ಹೆಸರು ಬಂತು ಎಂದು ಫಿನ್ಲೆಂಡಿನ ವಿದ್ವಾಂಸ ಅಸ್ಕೊ ಪಾರ್ಪೊಲ ಸೂಚಿಸಿದ್ದಾರೆ. ಅದು ಸಾಬೀತಾದ ಮಾತಲ್ಲ. ನಂತರದ ಕಾಲದಲ್ಲಿ ಅದೇ ಹೆಸರು ಆಫ್ರಿಕಾದ ನೂಬಿಯಾ ಕಡೆಗೆ ಜಾರಿಕೊಂಡಿತು. ನಮ್ಮವರಿಗೆ ಆ ಹೆಸರಿನ ನೆನಪೇ ಉಳಿಯಲಿಲ್ಲ.

ಮಸ್ಕತ್_ಕುಂದಾಪುರ

ಚೀನಾದವರು ಏನನ್ನುತ್ತಿದ್ದರು?

ನುಡಿಗಂಟು

ಅವರದೂ ಸಿಂಧುವೇ. ಕ್ರಿ.ಪೂ. 2ನೇ ಶತಮಾನದಲ್ಲಿ ಚೀನೀ ರಾಯಭಾರಿ ಝಾಂಗ್ ಚಿಯಾನ್ ಮಧ್ಯ ಏಷ್ಯಾಕ್ಕೆ ಹೋಗಿ ಬಂದಾಗ ತಂದ ಹೆಸರು 'ಶೆನ್‌ದು'. ಆಮೇಲೆ 'ತಿಯಾನ್‌ಝು'. 7ನೇ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಅವೆಲ್ಲ ಸರಿಯಲ್ಲ, 'ಯಿಂದು' ಸರಿ ಎಂದು ಬರೆದ. ಅದನ್ನು ಸಂಸ್ಕೃತದ 'ಇಂದು'ವಿಗೆ ಜೋಡಿಸಿ, ಕತ್ತಲಲ್ಲಿ ಚಂದ್ರನಂತೆ ದಾರಿ ತೋರುವ ನಾಡು ಎಂದು ಅರ್ಥ ಹೇಳಿದ. ವ್ಯುತ್ಪತ್ತಿಯಾಗಿ ಅದು ತಪ್ಪು, ಆದರೆ ಎಷ್ಟು ಪ್ರೀತಿಯ ತಪ್ಪು! ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಹೊಗಳಿ ಬರೆದವನೂ ಅವನೇ. ಚೀನೀ ಭಾಷೆಯಲ್ಲಿ ಇಂದಿಗೂ ನಾವು ಯಿಂದು.

ನೇತ್ರಾವತಿ_ವಕೀಲೆ

ಸಂವಿಧಾನದ ಭಾಗ ನಾನು ಸೇರಿಸುತ್ತೇನೆ. 1ನೇ ಅನುಚ್ಛೇದ 'ಇಂಡಿಯಾ, ಅಂದರೆ ಭಾರತ' ಎಂದು ಶುರುವಾಗುತ್ತದೆ. ಈ ಕ್ರಮ ಸುಮ್ಮನೆ ಬಂದದ್ದಲ್ಲ. 1949ರ ಸೆಪ್ಟೆಂಬರ್ 18ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಒಂದು ತಿದ್ದುಪಡಿ ಮಂಡಿಸಿದರು: 'ಭಾರತ, ಅಥವಾ ಇಂಗ್ಲಿಷ್ ಭಾಷೆಯಲ್ಲಿ ಇಂಡಿಯಾ' ಎಂದಿರಲಿ ಎಂದು. ಐರ್ಲೆಂಡಿನ ಸಂವಿಧಾನ ತನ್ನನ್ನು ಮೊದಲು 'ಐರೆ' ಎಂದು ಕರೆದುಕೊಂಡು, ಇಂಗ್ಲಿಷಿನಲ್ಲಿ ಐರ್ಲೆಂಡ್ ಎನ್ನುತ್ತದೆ, ಆ ಮಾದರಿ ಅವರ ಮುಂದಿತ್ತು. ಮತಕ್ಕೆ ಹಾಕಿದಾಗ ಪರವಾಗಿ 38, ವಿರುದ್ಧವಾಗಿ 51. ಕಾಮತರು ಸಭೆಗೆ ಆಯ್ಕೆಯಾದದ್ದು ಮಧ್ಯಪ್ರಾಂತ ಮತ್ತು ಬೇರಾರ್‌ನಿಂದ. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, ಇದನ್ನು ಇಲ್ಲಿ ಹೇಳದೆ ಇರಲಾರೆ.

ಅಲ್ಲಿ ಇಂಡಿಯಾ ಬೇಡ ಎಂದು ತೆಗೆಯಲೂ ಇಲ್ಲ, ಭಾರತ ಬೇಡ ಎಂದು ಬಿಡಲೂ ಇಲ್ಲ. ನ್ಯಾಯಾಲಯದಲ್ಲಿ ದಿನವೂ ಎರಡನ್ನೂ ಬಳಸುವ ನನಗೆ ಒಂದು ಇನ್ನೊಂದರ ವೈರಿ ಎಂದು ಒಮ್ಮೆಯೂ ಅನ್ನಿಸಿಲ್ಲ.

ಹಸ್ತಿನಾವತಿ

ಖಾರವೇಲನ ವಿಷಯ ನನಗೆ ಗೊತ್ತಿರಲಿಲ್ಲ, ಭಾಗವತದ ಮಾತೂ ಮರೆತಿತ್ತು. ಮನೆಯಲ್ಲಿ ಭಾಗವತ ತೆಗೆದು ಐದನೇ ಸ್ಕಂಧ ನೋಡಿದೆ. ತಂಗಿ ಹೇಳಿದ್ದು ಹಾಗೆಯೇ ಇದೆ. "ಚರ್ಚೆಗೆ ಏನಿದೆ" ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಶಕುಂತಲೆಯ ಮಗನ ಮೇಲಿನ ನನ್ನ ಪ್ರೀತಿಯನ್ನಲ್ಲ.

ಬೆಳ್ಗೊಳದ_ಮಗಳು

ಅದನ್ನು ತೆಗೆದುಕೊಳ್ಳುವುದೂ ಬೇಡ ಅಣ್ಣ. ಶಕುಂತಲೆಯ ಕತೆ ಅಜ್ಜಿಗೂ ಇಷ್ಟವಿತ್ತು.

ಶರಾವತಿ_ದಂಡೆ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಮಗಳನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಸಂಕಲ್ಪವನ್ನು ವಿಳಾಸದ ಹಾಗೆ ಬರೆದೆವು. ಮೇಲೆ ಜಂಬೂದ್ವೀಪ, ಕೆಳಗೆ ಅವಳ ಸೋದರಮಾವನ ಮನೆ. ಪಕ್ಕದಲ್ಲಿ ಪೋಗು-ಹೋಗು-ಓಗು, ಸಿಂಧು-ಹಿಂದು-ಇಂಡು. ಭರತ ಯಾರು ಎಂಬಲ್ಲಿ ಮೂರು ಹೆಸರು ಬರೆದು ಅವಳೇ ಮೂರಕ್ಕೂ ಗೆರೆ ಎಳೆದಳು. ಈಗ ಅವಳಿಗೆ ಚಪಡ ಬರೆದ ಆ ತಿರುಗುಮುರುಗು ಅಕ್ಷರ ನೋಡಲೇಬೇಕಂತೆ. ದಸರಾ ರಜೆಯಲ್ಲಿ ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ. ಅಲ್ಲಿ ಇನ್ನೇನು ನೋಡಬಹುದು?

ಕಲ್ಲುಬರಹ

ಹತ್ತಿರದಲ್ಲೇ ಸಿದ್ದಾಪುರದಲ್ಲಿ ಇನ್ನೊಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಮತ್ತೊಂದು ಅಶೋಕನ ಶಾಸನವಿದೆ. ಬೆಟ್ಟಕ್ಕೆ ಮೆಟ್ಟಿಲು ಹತ್ತಬೇಕು, ಬಿಸಿಲೇರುವ ಮೊದಲೇ ಹೊರಡಿ, ಕುಡಿಯುವ ನೀರು ಜೊತೆಗಿರಲಿ. ಬ್ರಹ್ಮಗಿರಿಯ ಬಂಡೆಯಲ್ಲಿ ಖರೋಷ್ಠಿ ಅಕ್ಷರಗಳಿರುವುದು ಬರಹದ ಕೊನೆಯಲ್ಲಿ. ಮಗಳಿಗೆ ಮೊದಲೇ ಆ ಐದು ಅಕ್ಷರ ಬರೆಸಿ ಅಭ್ಯಾಸ ಮಾಡಿಸಿ, ಆಗ ಅವಳೇ ಹುಡುಕಿ ತೋರಿಸುತ್ತಾಳೆ.